ಕುಂಡದ ಮಣ್ಣು

"ಊರಿಗೆಲ್ಲ ಬೇಕಾದಾಂವ ತನ್ನ ಹತ್ತಿರದವರಿಗೇ ಯಾಕ ಕಹಿ ಆಗತಾನ್ರೀ, ಅಜ್ಜಾರ?"

ಕೇಳಿದವನು ಪರ್ವತಯ್ಯ, ಮಠದ ಕಿರಿಯ ಸಾಧಕ. ಊರೂರು ತಿರುಗಿ ಪ್ರವಚನ ಮಾಡಿ ಹಿಂದಿನ ದಿನವಷ್ಟೇ ಮರಳಿದ್ದ. ಹೋದಲ್ಲೆಲ್ಲ ಜನ ಅವನ ಮಾತು ಕೇಳಿ ಕಣ್ಣೊರೆಸಿಕೊಂಡಿದ್ದರು, ಅವನ ಕಾಲಿಗೆ ಬಿದ್ದಿದ್ದರು. ಆ ಬೆಳಿಗ್ಗೆ ರೊಟ್ಟಿ ಆರಿದೆಯೆಂದು ಅವನು ತಟ್ಟೆಯನ್ನು ಆಚೆ ನೂಕಿದ. ಅಡುಗೆಯ ಮುದುಕ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಪರ್ವತಯ್ಯನಿಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಗಿತ್ತು. ಅವನು ಊರೂರಲ್ಲಿ ಹೇಳಿ ಬಂದದ್ದು ತಾಳ್ಮೆಯ ವಿಷಯವನ್ನೇ.

ಮಠದ ಹಿರಿಯ ಗುರುಗಳಾದ ಅಜ್ಜನವರು ಜಗುಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕೇಳಿದ ಮಾತಿಗೆ ತಲೆಯನ್ನೂ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ಕೂಡು. ಒಂದು ಕತಿ ಹೇಳತೀನಿ," ಎಂದರು. ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಕಾಳುಕಡಿಯ ವ್ಯಾಪಾರ. ಕೊಡುಗೈ ಮನುಷ್ಯ. ಬೇಸಿಗೆ ಬಂತೆಂದರೆ ಆ ಪೇಟೆಯ ಕರೆಂಟು ಅವಸರದ ನೆಂಟನ ಹಾಗೆ. ಬಂದರೂ ನಿಲ್ಲುತ್ತಿರಲಿಲ್ಲ, ಹೋಗುವಾಗ ಹೇಳುತ್ತಿರಲಿಲ್ಲ. ಪರೀಕ್ಷೆಯ ಕಾಲದಲ್ಲಿ ಓಣಿಯ ಮಕ್ಕಳು ಮೇಣದಬತ್ತಿ ಹಚ್ಚಿಕೊಂಡು ಓದುವುದನ್ನು ಕಂಡು ವರ್ತಕನ ಮನಸ್ಸು ಕರಗಿತು. ತನ್ನ ಮನೆಗೆ ಒಂದು ಡೀಸೆಲ್ ಜನರೇಟರ್ ತರಿಸಿದ. ಮಕ್ಕಳೆಲ್ಲ ಸಂಜೆ ನನ್ನ ಪಡಸಾಲೆಯಲ್ಲಿ ಕುಳಿತು ಓದಲಿ, ಓಣಿಯವರು ನನ್ನ ಬೋರಿನಲ್ಲಿ ನೀರು ತುಂಬಿಕೊಳ್ಳಲಿ ಎಂದ. ಇದು ಹೆಸರಿಗಾಗಿ ಮಾಡಿದ ದಾನವಲ್ಲ. ಅವನಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು. ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ವೈರಿಂಗಿನ ಮಿಸ್ತ್ರಿ ಬಂದ. ಹಿಂದಿನ ಅಂಗಳದ ಮೂಲೆಯಲ್ಲಿ ಕಾಂಕ್ರೀಟಿನ ಕಟ್ಟೆ ಕಟ್ಟಿಸಿದ. ಯಂತ್ರ ನಡುಗಿದರೆ ಮನೆ ನಡುಗಬಾರದೆಂದು ಕಟ್ಟೆಯ ಮೇಲೆ ರಬ್ಬರಿನ ದಿಂಡುಗಳನ್ನಿಟ್ಟು ಯಂತ್ರವನ್ನು ಕೂರಿಸಿದ. ಹೊಗೆಯ ಕೊಳವೆಯನ್ನು ಗೋಡೆಯಾಚೆಗೆ ತಿರುಗಿಸಿದ. ಕಂಬದ ಕರೆಂಟೂ ಯಂತ್ರದ ಕರೆಂಟೂ ಒಂದಕ್ಕೊಂದು ಸೇರದಂತೆ ನಡುವೆ ಚೇಂಜ್‌ಓವರ್ ಸ್ವಿಚ್ಚು ಹಾಕಿದ. ಕೊನೆಗೆ ಯಂತ್ರದ ಮೈಗೆ ಒಂದು ದಪ್ಪ ತಾಮ್ರದ ತಂತಿ ಬಿಗಿದು, ಅದರ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಅಂಗಳ ನೋಡುತ್ತ ನಿಂತ.

ಅಂಗಳದ ತುಂಬ ಕರಿಯ ಗ್ರಾನೈಟ್ ಕಲ್ಲು. ಹೋದ ದೀಪಾವಳಿಗೆ ಹಾಸಿಸಿದ್ದು. ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು.

"ಸಾವ್ಕಾರ್ರ, ಇಲ್ಲೆ ಎರಡು ಕಲ್ಲು ಎಬ್ಬಸಬೇಕಾಗತೈತ್ರಿ," ಎಂದ ಮಿಸ್ತ್ರಿ. "ಆಳುದ್ದ ತಗ್ಗು ತೋಡಿ, ಪೈಪ್ ಇಳಿಸಿ, ಸುತ್ತಲೂ ಇದ್ದಲಿ ಉಪ್ಪು ತುಂಬಿ, ಈ ತಂತಿ ಅದಕ್ಕ ಕಟ್ಟಬೇಕು. ಒಳಗಿನ ಕರೆಂಟು ಯಾವಾಗರ ದಾರಿ ತಪ್ಪಿ ಮಷೀನಿನ ಮೈಮ್ಯಾಲೆ ಬಂತಂದ್ರ, ನೆಲಕ್ಕ ಇಳದು ಹೋಗಬೇಕು. ನೆಲ ಸಿಗಲಿಲ್ಲಂದ್ರ ಮುಟ್ಟಿದವರ ಮೈಯಾಗ ಇಳೀತೈತಿ."

ವರ್ತಕನ ಹುಬ್ಬು ಗಂಟಾಯಿತು. "ಹೊಸಾ ಕಲ್ಲು ಒಡಸಾಂವ ಅಲ್ಲ ನಾ. ನಿನಗ ಬೇಕಾಗಿದ್ದು ಮಣ್ಣು, ಹೌದಲ್ಲೋ? ಮಣ್ಣು ಎಲ್ಲಿದ್ದರೇನು!"

ಯಂತ್ರದ ಪಕ್ಕದಲ್ಲೇ ಸಿಮೆಂಟಿನ ದೊಡ್ಡ ಹೂಕುಂಡವೊಂದಿತ್ತು. ಅದರಲ್ಲಿ ಕೆಂಪು ದಾಸವಾಳದ ಗಿಡ. ವರ್ತಕ ತಂತಿಯ ತುದಿಯನ್ನು ಕಿತ್ತುಕೊಂಡು ತಾನೇ ಆ ಕುಂಡದ ಮಣ್ಣಿನಲ್ಲಿ ಮೊಳದುದ್ದ ಹುಗಿದ. ಮೇಲೊಂದು ತಂಬಿಗೆ ನೀರು ಸುರಿದು ಕೈ ಝಾಡಿಸಿಕೊಂಡ. "ಇದು ಆಗಂಗಿಲ್ರಿ, ಕುಂಡದ ತಳಕ್ಕ ನೆಲಾ ಇಲ್ಲ," ಎಂದ ಮಿಸ್ತ್ರಿ. ಇನ್ನೊಮ್ಮೆ ಹೇಳುವುದರೊಳಗೆ ವರ್ತಕ ಯಂತ್ರವನ್ನು ಚಾಲೂ ಮಾಡಿದ. ಮನೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ದೀಪ ಹೊತ್ತಿದ ಮೇಲೆ ಮಿಸ್ತ್ರಿಯ ಮಾತು ಯಾರಿಗೆ ಬೇಕು! ಅವನು ತನ್ನ ಸಾಮಾನು ಕಟ್ಟಿಕೊಂಡು ಹೋದ.

ಕುಂಡದ ಮಣ್ಣಿಗೂ ನೆಲಕ್ಕೂ ನಡುವೆ ಸಿಮೆಂಟಿತ್ತು, ಅದರ ಕೆಳಗೆ ಹೊಳೆಯುವ ಕಲ್ಲಿತ್ತು. ನೋಡಿದವರ ಕಣ್ಣಿಗೆ ಬೀಳುತ್ತಿದ್ದುದು ಮಣ್ಣು ಮತ್ತು ಹೂವು ಮಾತ್ರ. ತಂತಿಯನ್ನು ಮಣ್ಣಿಗೆ ಕೊಟ್ಟಿದ್ದೇನಲ್ಲ ಎಂದು ವರ್ತಕನೂ ನೆಮ್ಮದಿಯಿಂದಿದ್ದ.

ಪೇಟೆ ಅವನನ್ನು ಕೊಂಡಾಡಿತು. ಕರೆಂಟು ಹೋದ ಸಂಜೆಗಳಲ್ಲಿ ಓಣಿಯಲ್ಲೆಲ್ಲ ಕತ್ತಲೆ, ಅವನ ಪಡಸಾಲೆಯಲ್ಲಿ ಮಾತ್ರ ಬೆಳಕು. ಮಕ್ಕಳು ಸಾಲಾಗಿ ಕುಳಿತು ಓದುತ್ತಿದ್ದರು. ತಾಯಂದಿರು ಕೊಡ ತುಂಬಿಕೊಂಡು, ಹೋಗುವಾಗ ಅವನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೋಗುತ್ತಿದ್ದರು. ವರ್ತಕನಿಗೆ ಕೇಳಲು ಸುಖವೆನಿಸುತ್ತಿತ್ತು. ಯಾರಿಗೆ ಅನಿಸುವುದಿಲ್ಲ!

ಯಂತ್ರ ಹಚ್ಚುವ ಕೆಲಸ ಅವನ ಹೆಂಡತಿಯದು. ಎಣ್ಣೆ ನೋಡುವುದು, ಡೀಸೆಲ್ ಹಾಕುವುದು, ಕೀಲಿ ತಿರುವುವುದು, ಸ್ವಿಚ್ಚು ಬದಲಿಸುವುದು ಎಲ್ಲವೂ ಅವಳದೇ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಅವಳು ಹೇಳಿದಳು:

"ಮಷೀನು ಮುಟ್ಟಿದರ ಜುಮ್ ಅಂತೈತ್ರಿ."

"ಚಪ್ಪಲಿ ಹಾಕ್ಕೊಂಡು ಮುಟ್ಟು," ಎಂದ ವರ್ತಕ. ಅವನು ಆಗ ಊಟಕ್ಕೆ ಕುಳಿತಿದ್ದ. ತಲೆ ಎತ್ತಿ ನೋಡಲಿಲ್ಲ.

ಅವಳು ರಬ್ಬರ್ ಚಪ್ಪಲಿ ಹಾಕಿಕೊಂಡು ಮುಟ್ಟತೊಡಗಿದಳು. ಆಮೇಲೆ ಅದೂ ಸಾಲದಾದಾಗ ಊಟದ ಹಳೆಯ ಮಣೆಯೊಂದನ್ನು ತಂದು ಯಂತ್ರದ ಮುಂದೆ ಹಾಕಿಕೊಂಡು ಅದರ ಮೇಲೆ ನಿಂತಳು. ಮತ್ತೆ ಅವನ ಮುಂದೆ ಆ ಸುದ್ದಿ ಎತ್ತಲಿಲ್ಲ.

ಇಂಥ ಎಚ್ಚರ ಆ ಮನೆಗೆ ಹೊಸದೇನಲ್ಲ. ವರ್ತಕ ದಿನವಿಡೀ ಅಂಗಡಿಯಲ್ಲಿ ನಗುತ್ತಿದ್ದ. ಗಿರಾಕಿ ಬೈದರೂ ನಗುತ್ತಿದ್ದ. ಆ ನಗೆಯೆಲ್ಲ ಸಂಜೆಗೆ ಮುಗಿದುಹೋಗುತ್ತಿತ್ತು. ಮನೆಯವರ ಪಾಲಿಗೆ ಉಳಿಯುತ್ತಿದ್ದುದು ಸಿಡುಕು. ಅವನು ಹೊಸ್ತಿಲು ದಾಟುವಾಗ ಹೆಂಡತಿ ಮೊದಲು ಅವನ ಮುಖ ನೋಡುತ್ತಿದ್ದಳು. ಮಾತಾಡಬಹುದೋ ಬಾರದೋ ಎಂಬುದು ಆಮೇಲಿನ ಮಾತು. ಮಗಳು ತನಗೆ ಬೇಕಾದುದನ್ನು ತಾಯಿಯ ಕಿವಿಯಲ್ಲಿ ಹೇಳುತ್ತಿದ್ದಳು. ತಾಯಿ ಅದನ್ನು ಅವನ ಊಟವಾದ ಮೇಲೆ, ಅವನು ಅಡಿಕೆ ಹಾಕಿಕೊಂಡ ಮೇಲೆ, ಮೆಲ್ಲಗೆ ಹೇಳುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಿದ್ದಾರೆಯೇ? ಆದರೆ ವರ್ತಕ, ತನ್ನ ಮನೆಯಲ್ಲಿ ಜಗಳವೇ ಇಲ್ಲ, ಶಾಂತಿಯಿದೆ ಎಂದುಕೊಂಡಿದ್ದ. ಎದುರು ಮಾತಾಡುವವರು ಯಾರೂ ಇರಲಿಲ್ಲವಲ್ಲ.

ಯಂತ್ರ ದಿನವೂ ನಡುಗುತ್ತಿತ್ತು. ನಡುಗಿ ನಡುಗಿ ಒಳಗೆ ಒಂದು ತಂತಿಯ ಮೇಲಿನ ರಬ್ಬರು ತಗಡಿಗೆ ಉಜ್ಜಿ ಸವೆಯುತ್ತ ಬಂದಿತ್ತು. ಅದು ಒಂದು ದಿನ ಪೂರ್ತಿ ಸವೆದು ತಂತಿ ಬತ್ತಲಾಯಿತು.

ಆ ಸಂಜೆ ಪಡಸಾಲೆಯಲ್ಲಿ ಮಕ್ಕಳು ತುಂಬಿದ್ದರು. ಮರುದಿನ ಗಣಿತದ ಪರೀಕ್ಷೆ. ಶಾಲೆಯ ಹೆಡ್‌ಮಾಸ್ತರರೂ ಬಂದು ವರ್ತಕನ ಪಕ್ಕದಲ್ಲಿ ಕುಳಿತಿದ್ದರು. ಹೆಂಡತಿ ಅಂಗಳದ ಕಲ್ಲು ತೊಳೆಯುತ್ತಿದ್ದಳು. ದಿನವೂ ತೊಳೆಯದಿದ್ದರೆ ಆ ಕಲ್ಲು ಹೊಳೆಯುತ್ತಿರಲಿಲ್ಲ, ಹೊಳೆಯದಿದ್ದರೆ ವರ್ತಕನಿಗೆ ನಡೆಯುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು.

ಅವಳು ಪೊರಕೆ ಇಟ್ಟು ಕೈ ಒರೆಸಿಕೊಳ್ಳುವಷ್ಟು ಹೊತ್ತು ಕೂಡ ಆಗಿರಲಿಲ್ಲ. ಒಳಗಿನಿಂದ ವರ್ತಕನ ದನಿ ಸಿಡಿಯಿತು: "ಸತ್ತೀ ಏನು ಅಲ್ಲೆ? ಹುಡುಗೂರು ಕತ್ತಲದಾಗ ಕೂತಾರ!"

ಆ ದನಿ ಕೇಳಿ ಅವಳು ಓಡಿದಳು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಲಿಲ್ಲ. ಅಂಗಳ ತೊಳೆಯುವಾಗ ಒದ್ದೆಯಾಗಬಾರದೆಂದು ಎತ್ತಿ ಗೋಡೆಗೆ ಒರಗಿಸಿದ್ದ ಮಣೆಯನ್ನೂ ಹಾಕಿಕೊಳ್ಳಲಿಲ್ಲ. ಒದ್ದೆ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ಕೀಲಿ ತಿರುವಿದಳು. ಸ್ವಿಚ್ಚು ಬದಲಿಸಿದಳು. ದೀಪ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಯಂತ್ರದ ಬಾಗಿಲು ಮುಚ್ಚಲು ಅವಳು ಕೈ ಇಟ್ಟಳು, ಇಟ್ಟ ಕೈ ಅಲ್ಲೇ ಕಚ್ಚಿಕೊಂಡಿತು.

ಒಳಗೆ ಹೆಡ್‌ಮಾಸ್ತರರು, "ನಿಮ್ಮಂಥವರು ಓಣಿಗೊಬ್ಬರು ಇರಬೇಕ್ರೀ," ಎನ್ನುತ್ತಿದ್ದರು. ಅವರಿಗೆ ಚಹಾ ಕೊಡಬೇಕೆಂಬುದು ವರ್ತಕನಿಗೆ ನೆನಪಾಯಿತು. ಹೇಳದೆ ಇವಳಿಗೆ ತಿಳಿಯುವುದೇ ಇಲ್ಲ ಎಂದು ಗೊಣಗುತ್ತ ಎದ್ದು ಹಿಂಬಾಗಿಲಿಗೆ ಬಂದ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಬೈಯಲು ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

ಅವಳ ಮೈ ಸೆಟೆದಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ವರ್ತಕ ಮೊದಲು ಎರಡೂ ಕೈ ಚಾಚಿ ಅವಳತ್ತ ನುಗ್ಗಿದ. ಮುಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಗೋಡೆಗೆ ಒರಗಿಸಿದ ಮಣೆ ಕಣ್ಣಿಗೆ ಬಿತ್ತು. ಅದನ್ನೆತ್ತಿ ಅವಳ ಕೈಗೆ ಬಲವಾಗಿ ನೂಕಿದ. ಕೈ ಬಿಟ್ಟಿತು. ಅವಳು ಬಿದ್ದಳು.

ಮಾಸ್ತರರು ಓಡಿಬಂದರು, ಮಕ್ಕಳು ಓಡಿಬಂದರು. ಯಾರೋ ಯಂತ್ರ ನಿಲ್ಲಿಸಿದರು. ವರ್ತಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕುಳಿತ. ಬೇರೇನೂ ಅವನಿಗೆ ಬೇಕಾಗಿರಲಿಲ್ಲ. ಮನೆ ಹೋಗಲಿ, ಅಂಗಡಿ ಹೋಗಲಿ, ಹೆಸರು ಹೋಗಲಿ, ಇವಳೊಬ್ಬಳು ಉಸಿರಾಡಲಿ ಎಂದು ಬೇಡಿಕೊಂಡ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಬಿಟ್ಟ ಕಣ್ಣು ಮೊದಲು ಹುಡುಕಿದ್ದು ಅವನ ಮುಖವನ್ನು.

"ಚಪ್ಪಲಿ ಮರತಿದ್ದೆರಿ," ಎಂದಳು. "ನಂದ ತಪ್ಪು. ಸಿಟ್ಟಾಗಬ್ಯಾಡ್ರಿ."

ವರ್ತಕನಿಗೆ ಯಂತ್ರವನ್ನು ಬರಿಗೈಯಿಂದ ಮುಟ್ಟಿದಂತಾಯಿತು. ಸಾವಿನ ಬಾಯಿಂದ ಹೊರಬಂದವಳು ಹೆದರಿದ್ದು ಸಾವಿಗಲ್ಲ, ಅವನ ಮುಖಕ್ಕೆ. ಅಷ್ಟು ಜನರ ನಡುವೆ ಅವನು ಗಟ್ಟಿಯಾಗಿ ಅತ್ತ. ಅಲ್ಲಿಯವರೆಗೆ ಆ ಪೇಟೆಯಲ್ಲಿ ಯಾರೂ ಅವನು ಅತ್ತದ್ದನ್ನು ಕಂಡಿರಲಿಲ್ಲ.

ಅವಳನ್ನು ದವಾಖಾನೆಗೆ ಒಯ್ದರು. ಅಂಗೈ ಸುಟ್ಟಿದೆ, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಅವಳನ್ನು ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ವರ್ತಕ ಅಂಗಡಿ ತೆರೆಯಲಿಲ್ಲ. ಹಾರೆ ಹಿಡಿದು ಅಂಗಳಕ್ಕಿಳಿದ. ಮುಖ ಕಾಣುವ ಕಲ್ಲಿಗೆ ಮೊದಲ ಏಟು ಹಾಕಿದ. ಅಕ್ಕಪಕ್ಕದವರು, ಇಷ್ಟು ಚೆಂದದ ಅಂಗಳ ಹಾಳು ಮಾಡುತ್ತೀರಲ್ಲ, ಆಳುಗಳಿಗಾದರೂ ಹೇಳಿ ಎಂದರು. ಅವನು ಹಾರೆಯನ್ನು ಯಾರ ಕೈಗೂ ಕೊಡಲಿಲ್ಲ. ಮಿಸ್ತ್ರಿಗೆ ಹೇಳಿ ಕಳಿಸಿದ. ಅವನು ಬಂದಾಗ ವರ್ತಕ ಎದೆಮಟ್ಟ ತಗ್ಗಿನಲ್ಲಿ ನಿಂತಿದ್ದ. ಮಿಸ್ತ್ರಿ ಹಳೆಯ ಮಾತು ಎತ್ತಲಿಲ್ಲ, ಹಳೆಯ ಮಾತು ಎತ್ತುವ ಹೊತ್ತೂ ಅದಾಗಿರಲಿಲ್ಲ. ಒಳಗೆ ಸವೆದ ತಂತಿಯನ್ನು ಬದಲಿಸಿದ. ತಗ್ಗಿಗೆ ಪೈಪ್ ಇಳಿಸಿ, ಇದ್ದಲಿ ಉಪ್ಪು ತುಂಬಿ, ನೀರು ಹೊಯ್ದು, ತಾಮ್ರದ ತಂತಿಯನ್ನು ಪೈಪಿಗೆ ಬಿಗಿದ. "ಬ್ಯಾಸಿಗ್ಯಾಗ ದಿನಾ ನೀರು ಹಾಕ್ರಿ. ಒಣಗಿತಂದ್ರ ನೆಲಾನೂ ಕೈ ಬಿಡತೈತಿ," ಎಂದ.

ಯಂತ್ರ ಹಚ್ಚಿದಾಗ ಮೊದಲು ಮುಟ್ಟಿದವನು ವರ್ತಕ. ಬರಿಗಾಲಿನಲ್ಲಿ ನಿಂತು ಎರಡೂ ಅಂಗೈಗಳನ್ನು ಇಟ್ಟ. ಏನೂ ಆಗಲಿಲ್ಲ. "ನೋಡಿಲ್ಲೆ, ಈಗ ಮುಟ್ಟು," ಎಂದು ಹೆಂಡತಿಯನ್ನು ಕರೆದ. ಅವಳು ಬಂದಳು. ಬರುವಾಗ ಚಪ್ಪಲಿ ಮೆಟ್ಟಿಕೊಂಡೇ ಬಂದಳು. ವರ್ತಕ ಏನೋ ಹೇಳಹೋಗಿ ನುಂಗಿಕೊಂಡ. ಯಂತ್ರವನ್ನು ಒಂದು ದಿನದಲ್ಲಿ ಸರಿಮಾಡಬಹುದು. ಅದನ್ನು ಮುಟ್ಟಿ ಸುಟ್ಟುಕೊಂಡ ಕೈಗೆ ನಂಬಿಕೆ ಬರಲು ಬೇರೆಯೇ ಸಮಯ ಬೇಕು.

ಅಂದಿನಿಂದ ಯಂತ್ರ ಹಚ್ಚುವ ಕೆಲಸ ಅವನದಾಯಿತು. ಅಂಗಡಿಯಿಂದ ಬಂದವನು ನೆಟ್ಟಗೆ ಹಿಂದಿನ ಅಂಗಳಕ್ಕೆ ಹೋಗಿ ತಗ್ಗಿಗೆ ಎರಡು ಕೊಡ ನೀರು ಹೊಯ್ಯುತ್ತಿದ್ದ. ನೀರು ಇಂಗುವವರೆಗೆ ಅಲ್ಲೇ ಕೂರುತ್ತಿದ್ದ. ಗಿರಾಕಿಗಳ ಮೇಲೆ ತೋರಿಸಲಾಗದ ಸಿಟ್ಟು, ದಿನದ ದಣಿವು, ಹೊಗಳಿಸಿಕೊಂಡ ಅಮಲು ಎಲ್ಲವೂ ಅಷ್ಟರಲ್ಲಿ ಒಂದಿಷ್ಟು ಇಳಿಯುತ್ತಿತ್ತು. ಎಲ್ಲ ದಿನವೂ ಇಳಿಯುತ್ತಿತ್ತೆಂದಲ್ಲ. ಇಳಿಯದ ದಿನ ಇನ್ನೊಂದು ಕೊಡ ಹೊಯ್ದು ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದ. ಆಮೇಲೆ ಒಳಗೆ ಹೋಗುತ್ತಿದ್ದ.

ಮುಂದಿನ ವರ್ಷದ ಪರೀಕ್ಷೆಯ ಕಾಲ ಬಂತು. ಪಡಸಾಲೆಯ ತುಂಬ ಮಕ್ಕಳು. ವರ್ತಕ ತಗ್ಗಿಗೆ ನೀರು ಹೊಯ್ದು ಯಾವುದೋ ಯೋಚನೆಯಲ್ಲಿ ಹಾಗೆಯೇ ಒಳಗೆ ಬಂದ. ಅಡುಗೆಮನೆಯಿಂದ ಹೆಂಡತಿಯ ದನಿ ಅಷ್ಟೂ ಮಕ್ಕಳಿಗೆ ಕೇಳುವಂತೆ ಬಂತು:

"ರಾಡಿಗಾಲಲೇ ಬಂದ್ರಲ್ಲಾ! ಈಗರ ಒರಸೀನಿ, ಕಣ್ಣು ಕಾಣಂಗಿಲ್ಲೇನು ನಿಮಗ?"

ಮಕ್ಕಳೆಲ್ಲ ಓದು ನಿಲ್ಲಿಸಿ ವರ್ತಕನ ಮುಖ ನೋಡಿದರು. ವರ್ತಕ ತನ್ನ ಕಾಲು ನೋಡಿಕೊಂಡ. ಬಾಗಿಲಲ್ಲಿ ಬರಿಗಾಲಿನಲ್ಲಿ ನಿಂತು ಬೈಯುತ್ತಿದ್ದ ಹೆಂಡತಿಯನ್ನು ನೋಡಿದ. ಅವಳು ಅವನ ಮುಖದ ಕಡೆಗೆ ನೋಡಿರಲೇ ಇಲ್ಲ, ಕಣ್ಣೆಲ್ಲ ನೆಲದ ಮೇಲಿತ್ತು. ವರ್ತಕನಿಗೆ ನಗು ಬಂತು. ನಗುತ್ತಲೇ ಹೊರಗೆ ಹೋಗಿ ಕಾಲು ತೊಳೆದುಕೊಂಡ. ಅವನ ಜೀವಮಾನದಲ್ಲಿ ಯಾವ ಹೊಗಳಿಕೆಯೂ ಆ ಬೈಗುಳದಷ್ಟು ಸಿಹಿಯಾಗಿರಲಿಲ್ಲ.

ಅಜ್ಜನವರು ಕತೆ ಮುಗಿಸಿದರು.

ಪರ್ವತಯ್ಯ ಕೇಳಿದ: "ನಾನೂ ಪ್ರವಚನ ಸುರು ಮಾಡೂ ಮೊದಲ 'ನಾ ನಿಮ್ಮ ಪಾದದ ಧೂಳು' ಅಂತ ಎಲ್ಲಾರಿಗೂ ಕೈ ಮುಗೀತೀನ್ರಿ, ಅಜ್ಜಾರ. ಅದು ನೆಲಾನೋ, ಕುಂಡದ ಮಣ್ಣೋ, ನನಗ ಗೊತ್ತಾಗೂದು ಹ್ಯಾಂಗ?"

"ಬೆಳಕು ಕಂಡವರನ್ನ ಕೇಳಬ್ಯಾಡ, ಮುಟ್ಟಿದವರನ್ನ ಕೇಳು," ಎಂದರು ಅಜ್ಜನವರು.

ಪರ್ವತಯ್ಯ ಎದ್ದು ಮುದುಕನಿದ್ದ ಅಡುಗೆಮನೆಯ ಕಡೆಗೆ ನಡೆದ.