ಬಂಕಣ್ಣ ಮಂಡಿಸಿದ ಮೇಲ್ಮನವಿ

ಹೊಂಬಳಿಕೆಯ ಅರಸ ಸಿಂಗದೇವನಿಗೆ ತಾನು ಮಾಡಿದ ಕಾನೂನುಗಳ ಮೇಲೆ ಬಹಳ ಪ್ರೀತಿ. ರಾಜ್ಯವನ್ನು ಸೀಮೆಗಳಾಗಿ ವಿಂಗಡಿಸಿ, ಸೀಮೆಗೊಂದು ಮೇಲ್ಮನವಿ ಪೀಠ ಇಟ್ಟಿದ್ದ. ಊರಿನ ನ್ಯಾಯಾಧಿಕಾರಿಯ ತೀರ್ಪು ತಪ್ಪೆನಿಸಿದವರು ಅಲ್ಲಿಗೆ ಹೋಗಬಹುದು. ಮೂವರು ಹಿರಿಯರು ಕೂತು ವಿಚಾರಿಸುತ್ತಾರೆ.

“ನನ್ನ ಪೀಠದಲ್ಲಿ ಸುಳ್ಳು ನುಸುಳುವುದಕ್ಕೆ ಜಾಗವೇ ಇಲ್ಲ,” ಎಂದು ಒಂದು ದಿನ ಓಲಗದಲ್ಲಿ ಮೀಸೆ ತಿರುವಿದ. “ಹೊಸ ಸಾಕ್ಷಿ ಇಲ್ಲ, ಹೊಸ ಕತೆ ಇಲ್ಲ. ಕೆಳಗೆ ಏನು ಹೇಳಿದ್ದರೋ ಅದನ್ನಷ್ಟೇ ಇಲ್ಲಿ ಹೇಳಬೇಕು. ಕೆಳಗಿನವರು ಕಾನೂನು ತಪ್ಪಿದ್ದಾರೋ ಇಲ್ಲವೋ, ಪೀಠ ನೋಡುವುದು ಅದೊಂದನ್ನೇ.”

ಆಸ್ಥಾನದ ಮಾತುಗಾರ ಬಂಕಣ್ಣ ಎದ್ದು ನಿಂತ. “ಸುಳ್ಳಿಗೆ ಜಾಗ ಇಲ್ಲ ಸರಿ, ಪ್ರಭು. ಸತ್ಯವೇ ತಡವಾಗಿ ಬಂದರೆ?”

“ಅದೂ ಹೊರಗೇ ನಿಲ್ಲಬೇಕು. ನಿಯಮ ಅಂದರೆ ನಿಯಮ. ಬೇಕಾದರೆ ನೀನೇ ಒಂದು ಮೊಕದ್ದಮೆ ಹಿಡಿದು ಗೆದ್ದು ತೋರಿಸು.”

ಬಂಕಣ್ಣ ಹುಡುಕಾಡಬೇಕಾಗಲಿಲ್ಲ. ಮೂಡಣ ಸೀಮೆಯ ಪೀಠದ ಬಾಗಿಲಲ್ಲೇ ಕುಂಬಾರ ಹೊನ್ನವ್ವ ತಲೆಗೆ ಕೈಹೊತ್ತು ಕೂತಿದ್ದಳು. ಹಿಂದೆ ಅರ್ಧ ಊರೇ ನಿಂತಿತ್ತು.

“ಏನವ್ವಾ, ಇಷ್ಟು ಜನ?”

“ಎಲ್ಲ ಸಾಕ್ಷಿ ಹೇಳೋಕೆ ಬಂದವರು ಅಣ್ಣಾ. ಒಬ್ಬರನ್ನೂ ಒಳಗೆ ಬಿಡಲ್ಲವಂತೆ.”

ಅವಳ ಕಷ್ಟ ಇಷ್ಟು. ಮಾವನ ಕಾಲದಿಂದ ಅವರ ಮನೆಯವರು ಮಡಕೆಗೆ ಮಣ್ಣು ತೆಗೆಯುತ್ತಿದ್ದ ಗುಂಡಿಯನ್ನು ಊರಗೌಡ ವಿರೂಪಗೌಡ ತನ್ನದೆಂದು ಹಿಡಿದುಕೊಂಡಿದ್ದ. ಅಲ್ಲಿ ನೀರು ತುಂಬಿಸಿ ಕುದುರೆ ಮೈತೊಳೆಸಬೇಕೆಂದು ಅವನಿಗೆ ಆಸೆ. ಊರಿನ ನ್ಯಾಯಾಧಿಕಾರಿ ದೇಕಯ್ಯನೋ, ಗೌಡನಿಗೆ ಬೀಗನಾಗಬೇಕು.

“ದೇಕಯ್ಯನವರು ಗೌಡ್ರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು,” ಎಂದಳು ಹೊನ್ನವ್ವ. “ನಾನು ಬಾಯಿ ತೆರೆದಾಗೆಲ್ಲ ಸುಮ್ಮನಿರು ಅಂದರು. ಕೊನೆಗೆ ಪಕ್ಕದಲ್ಲಿ ಭಟನನ್ನು ತಂದು ನಿಲ್ಲಿಸಿದರು. ಆಮೇಲೆ, ಇವಳು ಏನೂ ಹೇಳಲಿಲ್ಲ, ಹಾಗಾಗಿ ಗುಂಡಿ ಗೌಡನದೇ ಅಂತ ಒಪ್ಪಿದ್ದಾಳೆ ಅಂತ ತೀರ್ಪು ಕೊಟ್ಟರು. ತಿಗರಿ ತಿರುಗಿ ತಿಂಗಳಾಯ್ತು. ಮಕ್ಕಳಿಗೆ ಏನು ಹಾಕಲಿ?”

“ಸುಮ್ಮನಿರಿಸಿದ್ದನ್ನು ತೀರ್ಪಿನಲ್ಲಿ ಬರೆಸಿದ್ದಾರಾ?”

“ಬರೆಸದೆ ಏನು? ಸಭೆಯನ್ನು ಎಷ್ಟು ಶಿಸ್ತಾಗಿ ನಡೆಸಿದೆ ಅಂತ ಜಂಬದಿಂದ ಗಟ್ಟಿಯಾಗಿ ಓದಿಸಿದರು.”

ಬಂಕಣ್ಣನ ಮುಖ ಅರಳಿತು. “ಹಾಗಾದರೆ ನಿನ್ನ ಸಾಕ್ಷಿಗಳೆಲ್ಲ ಮರದಡಿ ಕೂತು ಬುತ್ತಿ ಬಿಚ್ಚಲಿ. ನೀನು ಬಾ.”

ವಿಷಯ ತಿಳಿದು ಅರಸನೂ ಬಂದು ಕೂತ. ಬಂಕಣ್ಣ ಮಾತಾಡುತ್ತಾನೆಂದರೆ ಕೇಳದೆ ಇರುವುದುಂಟೆ? ನೀರಿನ ಮೇಲೆ ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲು ಬಿಟ್ಟರು. ಅದು ಮುಳುಗುವುದರೊಳಗೆ ವಾದ ಮುಗಿಯಬೇಕು.

ಬಂಕಣ್ಣ ಎದ್ದ. ಪೀಠಕ್ಕೆ ಕೈಮುಗಿದ. ಸುಮ್ಮನೆ ನಿಂತ.

ಬಟ್ಟಲು ನಿಧಾನವಾಗಿ ತುಂಬತೊಡಗಿತು. ಒಬ್ಬರು ಕೆಮ್ಮಿದರು. ಅರಸ ಮುಂದಕ್ಕೆ ಬಾಗಿದ. ಇವನನ್ನು ನಂಬಿ ಕೆಟ್ಟೆ ಅಂದುಕೊಂಡಳು ಹೊನ್ನವ್ವ. ಬಂಕಣ್ಣ ಮಾತ್ರ ತೊಲೆ ನೋಡುತ್ತ ನಿಂತೇ ಇದ್ದ.

ಬಟ್ಟಲು ಗುಳುಕ್ಕೆಂದು ಮುಳುಗಿತು.

“ನನ್ನ ವಾದ ಮುಗಿಯಿತು, ಸ್ವಾಮಿ,” ಎಂದು ಕೂತ.

ಗೌಡನ ಪರವಾಗಿ ಬಂದಿದ್ದ ನಾಗದೇವ ಪಂಡಿತ ತಟ್ಟನೆ ಎದ್ದ. “ವಾದ ಎಲ್ಲಿದೆ? ಇವನು ತುಟಿಯನ್ನೇ ಬಿಚ್ಚಲಿಲ್ಲ. ಮನವಿಯನ್ನು ತಳ್ಳಿಹಾಕಬೇಕು.”

ಪೀಠದ ಹಿರಿಯ ಸೋಮಣಾರ್ಯರಿಗೂ ಸಿಟ್ಟು ಬಂದಿತ್ತು. “ಬಂಕಣ್ಣ, ಇದು ನಿನ್ನ ವಿನೋದದ ಜಾಗವಲ್ಲ. ಯಾಕೆ ಮಾತಾಡಲಿಲ್ಲ?”

“ಕೆಳಗೆ ಹೇಳಿದ್ದನ್ನು ಬಿಟ್ಟು ಹೊಸದೇನೂ ಹೇಳಬಾರದು ಅಂತ ನಿಯಮ ಅಲ್ಲವೇ ಸ್ವಾಮಿ? ಕೆಳಗೆ ಹೊನ್ನವ್ವನಿಗೆ ಹೇಳಲು ಬಿಟ್ಟದ್ದು ಇಷ್ಟೇ. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಪೂರ್ತಿಯಾಗಿ ಮಂಡಿಸಿದ್ದೇನೆ.”

ಅರಸನ ಕಡೆಯಿಂದ ಕಿಸಕ್ಕನೆ ಸದ್ದಾಯಿತು. ಸೋಮಣಾರ್ಯರು ಕೆಳಗಿನ ತೀರ್ಪನ್ನು ತರಿಸಿ ಮತ್ತೊಮ್ಮೆ ಓದಿದರು. ‘ಹೊನ್ನವ್ವ ಮಾತಾಡಹೋದಳು, ಸುಮ್ಮನಿರಿಸಲಾಯಿತು. ಏನೂ ಹೇಳದೆ ಇದ್ದುದರಿಂದ ಒಪ್ಪಿದಳೆಂದು ತಿಳಿಯಲಾಯಿತು.’

ಓದಿ ಮುಗಿಸಿ ಪಂಡಿತನ ಕಡೆ ತಿರುಗಿದರು. “ಬಂಕಣ್ಣ ಈಗ ಸುಮ್ಮನಿದ್ದನಲ್ಲ, ಪಂಡಿತರೇ. ಅದರಿಂದ ನಮಗೆ ಏನು ತಿಳಿಯಿತು?”

“ಏನೂ ತಿಳಿಯಲಿಲ್ಲ, ಸ್ವಾಮಿ. ಸುಮ್ಮನಿದ್ದವನಿಂದ ಏನು ತಿಳಿಯುತ್ತದೆ?”

“ಹಾಗಾದರೆ ಹೊನ್ನವ್ವ ಒಪ್ಪಿದ್ದಾಳೆ ಅಂತ ದೇಕಯ್ಯನಿಗೆ ಹೇಗೆ ತಿಳಿಯಿತು?”

ಪಂಡಿತ ಕೂತುಬಿಟ್ಟ.

ಮೂವರೂ ತಲೆ ಸೇರಿಸಿ ಮಾತಾಡಿಕೊಂಡರು. ಗುಂಡಿ ಯಾರದೆಂದು ಪೀಠ ಹೇಳಲಿಲ್ಲ. ಅದು ಅವರ ಕೆಲಸವೂ ಆಗಿರಲಿಲ್ಲ. ಒಂದೇ ಕಡೆಯ ಮಾತು ಕೇಳಿ ಕೊಟ್ಟ ತೀರ್ಪು ಕಾನೂನಿಗೆ ಹೊರತಾದದ್ದು, ಅದನ್ನು ರದ್ದು ಮಾಡಿದೆ, ಬೇರೊಬ್ಬ ಅಧಿಕಾರಿ ಇಬ್ಬರ ಮಾತನ್ನೂ ಕೇಳಿ ಮೊದಲಿನಿಂದ ವಿಚಾರಿಸಲಿ ಎಂದು ಆಜ್ಞೆ ಮಾಡಿದರು.

ಹೊಸ ವಿಚಾರಣೆಯಲ್ಲಿ ಹೊನ್ನವ್ವ ಬೆಳಗ್ಗೆ ಶುರು ಮಾಡಿದವಳು ಊಟದ ಹೊತ್ತಿನ ತನಕ ಮಾತಾಡಿದಳು. ಅವಳದಾದ ಮೇಲೆ ಅರ್ಧ ಊರು ಮಾತಾಡಿತು. ಗುಂಡಿ ಅವಳ ಕೈಗೆ ಬಂತು. ಗೌಡನ ಕುದುರೆಗಳು ಎಂದಿನಂತೆ ಹೊಳೆಗೇ ಹೋದವು.

ಸುದ್ದಿ ತಲುಪಿದ ದಿನ ಅರಸ ಬಂಕಣ್ಣನನ್ನು ಕರೆಸಿದ. “ಗೆದ್ದೆಯಪ್ಪ, ಒಪ್ಪಿದೆ. ಆದರೆ ನೀನು ಅಲ್ಲಿ ಮಾಡಿದ್ದೇನು? ಬಾಯಿ ಮುಚ್ಚಿಕೊಂಡು ನಿಂತೆ. ಅದಕ್ಕೆ ಎಂಥ ಬಹುಮಾನ ಕೊಡಲಿ?”

“ದೊಡ್ಡದೇ ಕೊಡಬೇಕು, ಪ್ರಭು,” ಎಂದ ಬಂಕಣ್ಣ. “ಮಾತಾಡುವುದು ನನಗೆ ಸಲೀಸು, ಸಂಬಳಕ್ಕೇ ಮಾಡುತ್ತೇನೆ. ಒಂದು ಗಳಿಗೆ ಸುಮ್ಮನಿರುವುದರಲ್ಲಿ ನನ್ನ ಜೀವ ಹೋಗಿ ಬಂತು.”

ಅರಸ ಹೊಟ್ಟೆ ಹಿಡಿದು ನಗುತ್ತ, ತನ್ನ ಕೈಯ ಕಡಗವನ್ನೇ ಬಿಚ್ಚಿ ಅವನಿಗೆ ತೊಡಿಸಿದ.