ಅಂಚು ಕೊಯ್ದ ಅಚ್ಚು

ನಾಗವೇಣಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹೊಳೆ ದಂಡೆಯ ಆಶ್ರಮಕ್ಕೆ ಬಂದಾಗಿನಿಂದ ಅವಳದು ಇದೇ ಪಾಡು.

ವಿಶ್ವವಿದ್ಯಾಲಯದಲ್ಲಿ ವಿನ್ಯಾಸ ಕಲಿತವಳು. ಚಿನ್ನದ ಪದಕವೂ ಬಂದಿತ್ತು. ಜೊತೆಗೆ ಓದಿದವರೆಲ್ಲ ಆಗಲೇ ಒಂದೊಂದು ಕಡೆ ಕೆಲಸ ಹಿಡಿದು ಕೂತಿದ್ದರು. ಇವಳು ಮಾತ್ರ ಮರದ ಅಚ್ಚು ಕೊರೆದು ಬಟ್ಟೆಗೆ ಚಿತ್ತಾರ ಒತ್ತುವುದನ್ನು ಕಲಿಯಬೇಕೆಂದು ಆಶ್ರಮದ ಗುರು ಮುರಿಗಯ್ಯನವರ ಬಳಿ ಬಂದು ಸೇರಿದ್ದಳು.

ಕಲಿತಳೋ? ಕಲಿತಳು, ಚೆನ್ನಾಗಿಯೇ ಕಲಿತಳು. ಆದರೆ ಒಂದು ಅಚ್ಚು ಮುಗಿಸಿದ ಮರುದಿನವೇ ಅದು ಅವಳ ಕಣ್ಣಿಗೆ ಸಪ್ಪೆ. ಇದನ್ನು ನೋಡಿ ಯಾರು ಬೆರಗಾಗುತ್ತಾರೆ ಎಂದು ಒಯ್ದು ಒಲೆಗೆ ಹಾಕುವಳು. ಆಶ್ರಮದ ಅಡುಗೆಯವರಿಗೆ ಸೌದೆಯ ಚಿಂತೆಯೇ ಇರಲಿಲ್ಲ ಬಿಡಿ.

ಹೀಗಿರುವಾಗ ಪಟ್ಟಣದ ದೊಡ್ಡ ಬಟ್ಟೆ ಅಂಗಡಿಯ ಒಡತಿಯಿಂದ ಕರೆ ಬಂತು. "ಚಿತ್ತಾರ ಬರೆಯುವವರು ಬೇಕಾಗಿದ್ದಾರೆ. ನೀನೇ ಒತ್ತಿದ ಒಂದು ಸೀರೆ ತಗೊಂಡು ಸೋಮವಾರ ಬಾ. ನೋಡಿ ಹೇಳುತ್ತೇನೆ."

ಅಷ್ಟೇ ಸಾಕಾಯಿತು. ನಾಗವೇಣಿಗೆ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಹೊಸ ಹಲಗೆ ತಂದು ಕೊರೆಯಲು ಕೂತಳು. ನವಿಲು ಬಂತು, ತಾವರೆ ಬಂತು, ಅವೆರಡನ್ನೂ ಸುತ್ತಿ ಒಂದು ಬಳ್ಳಿ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ, ಬಲಮೂಲೆಯಲ್ಲಿ ತನ್ನ ಹೆಸರಿನ ಗುರುತನ್ನೂ ಕೊರೆದಳು. ಕೊನೆಗೆ ಪಟಕ್ಕೆ ಹಾಕುವ ಹಾಗೆ ನಾಲ್ಕೂ ಕಡೆ ಗೆರೆಯ ಕಟ್ಟು ಕೊರೆದಳು.

ಓಡಿಹೋಗಿ ಗುರುಗಳಿಗೆ ತೋರಿಸಿದಳು.

"ಚೆನ್ನಾಗಿದೆ," ಎಂದರು ಮುರಿಗಯ್ಯ. "ಹಳೆಯ ಅಚ್ಚುಗಳನ್ನೂ ತಾ, ಜೊತೆಗಿಟ್ಟು ನೋಡೋಣ."

"ಇಲ್ಲ ಗುರುಗಳೇ. ಒಲೆಗೆ ಹಾಕಿದೆ."

"ಹಾಗಾದರೆ ಇದು ನಿನ್ನ ಮೊದಲನೆಯ ಅಚ್ಚು."

"ಅಯ್ಯೋ, ಬೇಕಾದಷ್ಟು ಕೊರೆದಿದ್ದೇನಲ್ಲ!"

"ಮೊದಲನೆಯದನ್ನೇ ಬೇಕಾದಷ್ಟು ಸಲ ಕೊರೆದಿದ್ದೀಯ."

ಅವಳಿಗೆ ಚುರುಕ್ ಎಂದಿತು. ಗುರುಗಳು ಅದನ್ನು ಗಮನಿಸಿದಂತೆ ತೋರಲಿಲ್ಲ. ಹಳೆಯ ಬಟ್ಟೆಯೊಂದನ್ನು ಮೇಜಿನುದ್ದಕ್ಕೂ ಹಾಸಿದರು.

"ಒತ್ತು."

ಒತ್ತಿದಳು. ನವಿಲು ಕಣ್ಣು ಬಿಟ್ಟ ಹಾಗಿತ್ತು.

"ಪಕ್ಕದಲ್ಲಿ ಇನ್ನೊಂದು."

ಒತ್ತಿದಳು. ಅದರ ಪಕ್ಕ ಮತ್ತೊಂದು. ಅಷ್ಟರಲ್ಲಿ ಅವಳ ಕೈ ತಾನಾಗಿಯೇ ನಿಂತಿತು. ಕಟ್ಟಿಗೆ ಕಟ್ಟು ತಾಗಿ ದಪ್ಪ ಗೆರೆ ಬಿದ್ದಿತ್ತು. ಒಂದು ಬಳ್ಳಿ ಇನ್ನೊಂದು ಬಳ್ಳಿಯನ್ನು ಮುಟ್ಟಿರಲಿಲ್ಲ. ಗೋಡೆಗೆ ಸಾಲಾಗಿ ಪಟ ತೂಗುಹಾಕಿದ ಹಾಗೆ ಕಾಣುತ್ತಿತ್ತು.

ಒಂದಕ್ಕೊಂದು ಕೂಡಿಕೊಳ್ಳುವಂತೆ ಅಚ್ಚು ಕೊರೆಯಬೇಕೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇದೊಂದರಲ್ಲೇ ಎಲ್ಲ ಹೇಳಿಬಿಡಬೇಕೆಂಬ ಆತುರದಲ್ಲಿ ಮರೆತೇಹೋಗಿತ್ತು.

"ಇದನ್ನು ಉಡುವುದೋ, ನೋಡುವುದೋ?" ಎಂದು ಕೇಳಿದರು ಗುರುಗಳು.

ನಾಗವೇಣಿ ತುಟಿ ಕಚ್ಚಿಕೊಂಡಳು. "ಈಗ ಹೊಸದು ಕೊರೆಯಲು ಹೊತ್ತೆಲ್ಲಿದೆ?"

ಮುರಿಗಯ್ಯ ಎರಡು ದಾರ ತಂದರು. ಅಚ್ಚಿನ ಎಡಕ್ಕೊಂದು, ಬಲಕ್ಕೊಂದು, ಕಟ್ಟಿನ ಒಳಬದಿಗೆ ಮೇಲಿನಿಂದ ಕೆಳಕ್ಕೆ ಇಟ್ಟರು. ಎರಡು ಕಡೆಯಲ್ಲೂ ದಾರ ಬಳ್ಳಿಯನ್ನು ಒಂದೇ ಎತ್ತರದಲ್ಲಿ ಹಾಯ್ದಿತ್ತು. ಆಮೇಲೆ ಗರಗಸ ತಂದು ಅವಳ ಕೈಗೆ ಕೊಟ್ಟರು.

"ದಾರ ಇರುವ ಕಡೆ ಕೊಯ್ಯಿ."

"ಕೊಯ್ಯುವುದೇ! ನವಿಲಿನ ಬಾಲದ ತುದಿ ಹೋಗುತ್ತದೆ."

"ಹೋಗಲಿ."

"ನನ್ನ ಹೆಸರಿನ ಗುರುತೂ ಹೋಗುತ್ತದೆ."

"ಅದು ಮೊದಲು ಹೋಗಲಿ."

ನಾಗವೇಣಿ ಗರಗಸ ಕೆಳಗಿಟ್ಟು ಹೊಳೆಯ ಕಡೆ ನಡೆದುಬಿಟ್ಟಳು. ದಂಡೆಯ ಮೇಲೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಎಲ್ಲರ ಮೇಲೂ ಸಿಟ್ಟು. ಗುರುವಿನ ಮೇಲೆ, ಆ ಒಡತಿಯ ಮೇಲೆ, ಕೆಲಸ ಹಿಡಿದ ಗೆಳತಿಯರ ಮೇಲೆ. ಸಿಟ್ಟೆಲ್ಲ ಇಳಿದ ಮೇಲೆ ಕೆಳಗೆ ಉಳಿದದ್ದು ಬರೀ ಹೆದರಿಕೆ.

ತಿರುಗಿ ಬಂದಳು. ಗುರುಗಳು ಅಲ್ಲೇ ಕೂತು ಬಣ್ಣ ಕಲಸುತ್ತಿದ್ದರು.

"ಗುರುಗಳೇ, ನನ್ನಲ್ಲಿದ್ದದ್ದನ್ನೆಲ್ಲ ಇದರಲ್ಲೇ ಹಾಕಿದ್ದೇನೆ. ಇದು ಹಾಳಾದ ಮೇಲೆ ನನ್ನೊಳಗೆ ಇನ್ನೇನೂ ಉಳಿದೇ ಇಲ್ಲದಿದ್ದರೆ?"

ಅವರು ತಲೆ ಎತ್ತಲಿಲ್ಲ. "ಕೊಯ್ದು ನೋಡು."

ಕಣ್ಣೀರು ಒರೆಸಿಕೊಂಡು ಗರಗಸ ಎತ್ತಿಕೊಂಡಳು. ಹೆಸರು ಹೋಯಿತು. ಬಾಲದ ತುದಿ ಹೋಯಿತು. ಪಕ್ಕದ ಕಟ್ಟುಗಳೆರಡೂ ನೆಲಕ್ಕೆ ಬಿದ್ದವು.

ಉಳಿದದ್ದನ್ನು ಬಣ್ಣಕ್ಕೆ ಅದ್ದಿ ಒತ್ತಿದಳು. ಪಕ್ಕದಲ್ಲಿ ಇನ್ನೊಂದು ಒತ್ತಿದಳು. ಒಂದರ ಬಳ್ಳಿ ಇನ್ನೊಂದಕ್ಕೆ ದಾಟಿತು. ಅಲ್ಲಿಂದ ಮುಂದಕ್ಕೆ, ಮತ್ತೂ ಮುಂದಕ್ಕೆ. "ಅರೆ!" ಎಂದಳು, ಯಾರಿಗೂ ಅಲ್ಲ.

ಹಳೆಯ ಬಟ್ಟೆ ಮುಗಿಯಿತು. ಸೀರೆ ಹಾಸಿ ಒತ್ತತೊಡಗಿದಳು. ಊಟದ ಕರೆ ಬಂದರೂ ಏಳಲಿಲ್ಲ. ಸೆರಗಿನ ಹತ್ತಿರ ಬಂದಾಗ, ಇಲ್ಲಿಗೆ ಬೇರೆಯೇ ಒಂದು ಅಚ್ಚು ಇದ್ದರೆ ಎಷ್ಟು ಚೆನ್ನ ಎಂದು ಅನ್ನಿಸಿತು. ಅದು ಹೇಗಿರಬೇಕೆಂಬುದೂ ಹೊಳೆಯಿತು. ಅದನ್ನು ಕೊರೆಯಲು ಹೊತ್ತಿರಲಿಲ್ಲ. ಸೆರಗನ್ನು ಹಾಗೇ ಖಾಲಿ ಬಿಟ್ಟಳು.

ಸೋಮವಾರ ಬೆಳಿಗ್ಗೆ ಗುರುಗಳು ದೋಣಿಯವರೆಗೂ ಜೊತೆಗೆ ಬಂದರು. ನಾಗವೇಣಿ ಸೀರೆಯ ಗಂಟನ್ನು ಎದೆಗವಚಿಕೊಂಡಿದ್ದಳು. ಒಂದು ಕಾಲು ದೋಣಿಯಲ್ಲಿಟ್ಟವಳು ಮತ್ತೆ ಹಿಂದಕ್ಕೆ ತೆಗೆದಳು. ಹಳೆಯ ಚಡಪಡಿಕೆ ಎಲ್ಲಿ ಹೋಗುತ್ತದೆ, ಹೇಳಿ!

"ಗುರುಗಳೇ, ಒಂದೊಂದೇ ಚಿತ್ತಾರ ನೋಡಿದರೆ ಎಲ್ಲವೂ ಅರ್ಧಂಬರ್ಧ. ಸೆರಗಂತೂ ಖಾಲಿ."

"ಹೌದು."

"ಆಕೆ ಬೇಡ ಅಂದುಬಿಟ್ಟರೆ ಏನು ಮಾಡಲಿ?"

"ಬೇಡ ಅಂದರೆ ಬಾ, ಇಲ್ಲಿ ಕೂತು ಇನ್ನೊಂದು ಅಚ್ಚು ಕೊರೆ. ಬೇಕು ಅಂದರೆ ಅಲ್ಲೇ ಕೂತು ಕೊರೆ. ಹತ್ತಿಕೋ ಮಗಳೇ, ದೋಣಿ ಬಿಡುತ್ತಾರೆ."