ಬಾಗಿಲಿಗೆ ಅಧ್ಯಕ್ಷರ ಮುಖ

ನಮ್ಮ ರೇಷ್ಮೆ ಬೆಳೆಗಾರರ ಸಂಘದ ವೆಬ್‌ಸೈಟಿನ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಹೊಸ ಆವೃತ್ತಿ ಹಾಕದಿದ್ದರೆ ಯಾವನಾದರೂ ಕಳ್ಳ ಒಳಗೆ ನುಗ್ಗುವುದು ಖಂಡಿತ. ಅದನ್ನು ನೋಡಿಕೊಳ್ಳುತ್ತಿದ್ದ ನಾಗವೇಣಿ ಅಧ್ಯಕ್ಷರ ಬಳಿ ಹೋದಳು.

"ಹೊಸದು ಹಾಕೋಕೆ ಒಂದು ದಿನ ವೆಬ್‌ಸೈಟ್ ಮುಚ್ಚಬೇಕು ಸಾರ್."

ಅಧ್ಯಕ್ಷ ಮುನಿಶಾಮಪ್ಪ ಗುಡುಗಿದರು. "ಮುಚ್ಚೋದಾ? ನಾನು ಅಧ್ಯಕ್ಷ ಆಗಿರುವಾಗಲಾ? 'ರಿಪೇರಿಯಲ್ಲಿದೆ' ಅಂತ ಬೋರ್ಡು ಕಂಡರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ! ಹೊಸದು ಮಾತ್ರ ನಾಳೆ ಸಂಜೆಯೊಳಗೆ ಆಗಿರಬೇಕು."

"ಆಗಲಿ ಸಾರ್," ಅಂದಳು ನಾಗವೇಣಿ.

ಮರುದಿನ ವೆಬ್‌ಸೈಟ್ ತೆರೆದವರಿಗೆಲ್ಲ ಕಂಡದ್ದು ಒಂದೇ. ಪರದೆ ತುಂಬ ಮುನಿಶಾಮಪ್ಪನವರು, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈಮುಗಿದು ನಿಂತಿದ್ದಾರೆ. ಕೆಳಗೆ, "ನಮ್ಮ ನೆಚ್ಚಿನ ಅಧ್ಯಕ್ಷರಿಗೆ ಹಾರ್ದಿಕ ಶುಭಾಶಯಗಳು." ಎಲ್ಲಿ ಒತ್ತಿದರೂ ಅದೇ ಚಿತ್ರ. ಯಾತಕ್ಕೆ ಶುಭಾಶಯ ಅಂತ ಯಾರಿಗೂ ಗೊತ್ತಾಗಲಿಲ್ಲ. ಅಧ್ಯಕ್ಷರಂತೂ ಕೇಳಲೇ ಇಲ್ಲ. ಬಂದವರಿಗೆಲ್ಲ ಮೊಬೈಲ್ ಹಿಡಿದು ತೋರಿಸಿದ್ದೇ ತೋರಿಸಿದ್ದು.

ಆ ಚಿತ್ರದ ಹಿಂದೆ ನಾಗವೇಣಿ ನೆಮ್ಮದಿಯಾಗಿ ಕೆಲಸ ಮುಗಿಸಿದಳು. ಸಂಜೆ ಚಿತ್ರ ಸರಿಯಿತು, ಹೊಸ ವೆಬ್‌ಸೈಟ್ ತೆರೆದುಕೊಂಡಿತು, ರೇಷ್ಮೆಗೂಡಿನ ದರವೂ ಬಂತು.

ಅಧ್ಯಕ್ಷರು ಮುಖ ಬಾಡಿಸಿಕೊಂಡು ಓಡೋಡಿ ಬಂದರು.

"ಏನಮ್ಮ, ಇಷ್ಟು ಬೇಗ ಯಾರು ತೆರೆಯೋಕೆ ಹೇಳಿದ್ರು? ಇನ್ನೊಂದು ವಾರ ಮುಚ್ಚಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"